ಕಬ್ಬಿನೊಳಗಿನ ಗಂಟೆ

ಮೊನ್ನೆ ಮೊಮ್ಮಗಳ ಜೊತೆ ರೈಲಿನಲ್ಲಿ ಮೈಸೂರಿಗೆ ಹೊರಟಿದ್ದೆ. ಮಂಡ್ಯ ದಾಟಿ ಯಲಿಯೂರಿಗೆ ಬಂದ ಮೇಲೆ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಕಿಟಕಿಯಿಂದ ಕಬ್ಬಿನ ಹಾಲು ಕಾಯುವ ವಾಸನೆ ಒಳಗೆ ಬಂತು. ಅದರ ಬೆನ್ನಿಗೇ ಒಣ ಸೋಗೆ ಸುಟ್ಟ ಹೊಗೆ. ಎಲ್ಲೋ ಎತ್ತಿನ ಕೊರಳ ಗಂಟೆಯ ಸದ್ದು. ನಾನು ತಲೆಯನ್ನು ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ತಿರುಗಿಸಿ, "ಆ ಹುಣಸೆಮರದ ಹಿಂದೆ ಗಾಡಿ ಬರ್ತಾ ಇದೆ ನೋಡು" ಎಂದೆ. ಮೊಮ್ಮಗಳು ಇಣುಕಿದಳು. ಮರದ ಹಿಂದಿನಿಂದ ಕಬ್ಬು ತುಂಬಿದ ಗಾಡಿಯೊಂದು ನಿಧಾನವಾಗಿ ಹೊರಬಂತು.

"ಅಜ್ಜಿ, ನಿಂಗೆ ಕೇಳಿಸೋದು ಒಂದೇ ಕಿವಿ. ಎರಡು ಕಿವಿ ಇರೋ ನಂಗೇ ಗೊತ್ತಾಗಲಿಲ್ಲ, ನಿಂಗೆ ಹೇಗೆ ಗೊತ್ತಾಯ್ತು?"

"ಮಂಡ್ಯದಲ್ಲಿ ಕಲಿತಿದ್ದು" ಎಂದೆ. ಅವಳು ನಕ್ಕು ತನ್ನ ಪುಸ್ತಕಕ್ಕೆ ಮರಳಿದಳು. ನಾನು ಮಾತ್ರ ಆ ವಾಸನೆಯ ಜೊತೆ ಹಿಂದಕ್ಕೆ ಹೋದೆ.

ನಾನು ಮೈಸೂರಿನಿಂದ ಮಂಡ್ಯಕ್ಕೆ ಸೊಸೆಯಾಗಿ ಬಂದದ್ದು ಮೂವತ್ತರ ದಶಕದ ನಡುವೆ. ನಾಲೆಯಲ್ಲಿ ನೀರು ಬಂದು, ಸಕ್ಕರೆ ಕಾರ್ಖಾನೆಯ ಚಿಮಣಿ ಎದ್ದು ನಿಂತ ಹೊಸತು. ಅಲ್ಲಿಯವರೆಗೆ ರಾಗಿ, ಹುರುಳಿ ಬೆಳೆದು ಬಿಸಿಲಿಗೆ ಬಾಯ್ಬಿಡುತ್ತಿದ್ದ ಹೊಲಗಳೆಲ್ಲ ಒಂದೆರಡು ವರ್ಷದಲ್ಲಿ ಹಸಿರು ಗೋಡೆಗಳಾಗಿದ್ದವು. ಊರಿನಲ್ಲಿ ಎಲ್ಲವೂ ಹೊಸತು: ಹೊಸ ಕರೆಂಟು ದೀಪ, ಹೊಸ ಹೋಟೆಲು, ಹೊತ್ತುಹೊತ್ತಿಗೆ ಕಾರ್ಖಾನೆಯ ಕೂಗು. ಆ ಕೂಗು ಕೇಳಿದಾಗ ಊರಿನವರೆಲ್ಲ ಚಿಮಣಿಯ ಕಡೆ ನೋಡುತ್ತಿದ್ದರು. ನಾನು ಅವರ ಮುಖ ನೋಡಿ, ಆಮೇಲೆ ಚಿಮಣಿಯ ಕಡೆ ನೋಡುತ್ತಿದ್ದೆ.

ಯಾಕೆಂದರೆ ನನ್ನ ಎಡಗಿವಿ ಚಿಕ್ಕಂದಿನಲ್ಲೇ ದಡಾರ ಬಂದು, ಸೋರಿ ಸೋರಿ, ಕೊನೆಗೆ ಪೂರ್ತಿ ಮುಚ್ಚಿಹೋಗಿತ್ತು. ಬಲಗಿವಿ ಚುರುಕಾಗಿತ್ತು, ಪಿಸುಮಾತೂ ಕೇಳುತ್ತಿತ್ತು. ಆದರೆ ಒಂದೇ ಕಿವಿಯವರ ಕಷ್ಟ ಒಂದೇ ಕಿವಿಯವರಿಗೇ ಗೊತ್ತು. ಸದ್ದು ಬಂದಿದೆ ಎಂದು ತಿಳಿಯುತ್ತದೆ, ಎತ್ತ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಹಿತ್ತಿಲಿನಿಂದ ಕರೆದರೆ ಬೀದಿಬಾಗಿಲಿಗೆ ಓಡುತ್ತಿದ್ದೆ. ಸೈಕಲ್ಲಿನ ಗಂಟೆ ಕೇಳಿದರೆ ದಾರಿಯಲ್ಲಿ ಕಂಬದ ಹಾಗೆ ನಿಂತುಬಿಡುತ್ತಿದ್ದೆ. ಎಡಗಡೆ ಕೂತವರು ಮೆಲ್ಲಗೆ ಮಾತಾಡಿದರೆ ಅದು ನನ್ನ ಪಾಲಿಗೆ ಆಡದೇ ಇದ್ದ ಮಾತು.

ಗಂಡಿನ ಮನೆಯವರಿಗೆ ಇದನ್ನು ಹೇಳಿರಲಿಲ್ಲ. ಆ ಕಾಲದಲ್ಲಿ ಹೆಣ್ಣಿನ ಐಬು ಎಂದರೆ ಹುಡುಗಾಟವೇ? ನನ್ನ ಮದುವೆಗೆ ಸ್ವಲ್ಪ ಮುಂಚೆ, ಮಳವಳ್ಳಿಯ ನಮ್ಮ ದೂರದ ನಂಟರ ಮನೆಯ ಸೊಸೆಗೆ ಮೂರ್ಛೆ ಬರುತ್ತದೆಂದು ಗೊತ್ತಾಗಿ, ಬಂದ ಗಾಡಿಯಲ್ಲೇ ತವರಿಗೆ ಕಳಿಸಿದ್ದರು. ಅವಳು ತವರಿನ ಹಿಂದುಗಡೆ ಕೋಣೆ ಸೇರಿದವಳು ಆಮೇಲೆ ಯಾವ ಹಸೆಯ ಹತ್ತಿರವೂ ಕಾಣಿಸಲಿಲ್ಲ. ನಮ್ಮಮ್ಮ ನನ್ನನ್ನು ಗಾಡಿ ಹತ್ತಿಸುವಾಗ ಬಲಗಿವಿಗೆ ಬಾಯಿಟ್ಟು ಹೇಳಿದ್ದು ಒಂದೇ: "ಎಲ್ಲರನ್ನೂ ಬಲಗಡೆ ಇಟ್ಕೊಂಡು ಮಾತಾಡು. ಬಾಯಿ ಬಿಟ್ಟೆಯೋ, ಕೆಟ್ಟೆ."

ಎಲ್ಲರನ್ನೂ ಬಲಗಡೆ ಇಟ್ಟುಕೊಳ್ಳಬಹುದಿತ್ತು, ಅತ್ತೆಯೊಬ್ಬರನ್ನು ಬಿಟ್ಟು. ಅಡುಗೆಮನೆಯಲ್ಲಿ ಒಲೆಯ ಎಡಗಡೆ ಗೋಡೆಗೆ ಒರಗಿದಂತೆ ಅವರ ಮಣೆ. ಅಲ್ಲಿ ಕೂತರೆ ನಡುಮನೆಯೂ ಹಿತ್ತಿಲ ಬಾಗಿಲೂ ಎರಡೂ ಕಾಣುತ್ತವೆಂದು ಆ ಜಾಗ ಹಿಡಿದಿದ್ದರು. ಒಲೆಯ ಮುಂದೆ ಕೂತ ನನ್ನ ಸತ್ತ ಕಿವಿಗೆ ಸರಿಯಾಗಿ ಅವರ ಬಾಯಿ. ದನಿ ಬೇರೆ ಸಣ್ಣದು. ಅವರು ಉಪ್ಪು ಎಂದರೆ ನಾನು ಸುಮ್ಮನಿರುತ್ತಿದ್ದೆ, ಬೆಂಕಿ ತಗ್ಗಿಸು ಎಂದರೂ ಸುಮ್ಮನಿರುತ್ತಿದ್ದೆ. ನಾಲ್ಕು ತಿಂಗಳಾಗುವುದರೊಳಗೆ ಬೀದಿಗೆಲ್ಲ ಸುದ್ದಿ: ಮೇಷ್ಟ್ರ ಹೆಂಡತಿಗೆ ಬಹಳ ಹಮ್ಮು, ಅತ್ತೆ ಕರೆದರೆ ಓಗೊಡುವುದಿಲ್ಲ. ನಾನು ಹಮ್ಮಿನವಳೆಂದೇ ಹೆಸರು ಹೊತ್ತುಕೊಂಡು ಒಳಗೊಳಗೇ ನಿಟ್ಟುಸಿರು ಬಿಟ್ಟೆ. ಹಮ್ಮಿಗೆ ಯಾರನ್ನೂ ತವರಿಗೆ ಕಳಿಸುತ್ತಿರಲಿಲ್ಲ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಹೆಸರು ಹಿಡಿಯುವಂತಿಲ್ಲದ ನಾನೂ ಮನಸ್ಸಿನಲ್ಲಿ ಹಾಗೇ ಎನ್ನುತ್ತಿದ್ದೆ. ಒಳ್ಳೆಯ ಮನುಷ್ಯ, ಆದರೆ ತಲೆಯೊಳಗೆ ಯಾವುದಾದರೂ ಒಂದು ಪ್ರಶ್ನೆ ಹೊಕ್ಕರೆ ಅದು ಹೊರಬೀಳುವವರೆಗೆ ಊಟದ ರುಚಿ ಗೊತ್ತಾಗುತ್ತಿರಲಿಲ್ಲ. ಆ ವರ್ಷದ ಪ್ರಶ್ನೆ ಆಕಾಶದಿಂದಲೇ ಬಂತು. ಮಳೆಗಾಲ ಹಿಂಜರಿದ ಒಂದು ಬೆಳಗ್ಗೆ ಮಂಡ್ಯದ ಮೇಲೆ ಏರೋಪ್ಲೇನೊಂದು ಹಾರಿಹೋಯಿತು. ಅಂಗಡಿಯವರು, ಗಾಡಿಯವರು, ಇಸ್ಕೂಲಿನವರು ಎಲ್ಲರೂ ಬೀದಿಗೆ ಬಂದು ಸದ್ದು ಬರುತ್ತಿದ್ದ ಕಡೆ ಕತ್ತೆತ್ತಿದರೆ ಅಲ್ಲಿ ಬರೀ ಮೋಡ. ಪ್ಲೇನು ಆಗಲೇ ಎಷ್ಟೋ ಮುಂದೆ, ಕಾರ್ಖಾನೆಯ ಆಚೆ ಹೊಳೆಯುತ್ತಿತ್ತು.

"ನೋಡಿದೆಯೇನೇ? ಸದ್ದು ಹಿಂದೆ, ಪ್ಲೇನು ಮುಂದೆ!" ಎಂದು ಮೇಷ್ಟ್ರು ಬೀದಿಯಲ್ಲೇ ನನ್ನನ್ನು ಕೇಳಿದರು. "ಸದ್ದು ನಮ್ಮ ಹತ್ತಿರ ನಡೆದು ಬರಬೇಕಲ್ಲ, ಅಷ್ಟರಲ್ಲಿ ಅದು ಓಡಿಬಿಟ್ಟಿರುತ್ತೆ. ಸರಿ, ಅದಿರಲಿ. ಸದ್ದು ಆ ಕಡೆಯಿಂದಲೇ ಬಂತು ಅಂತ ನಮಗೆ ಹೇಗೆ ಗೊತ್ತಾಯ್ತು?"

ನನಗೆ ಗೊತ್ತಾಗಿರಲಿಲ್ಲ. ಅವರ ಮುಖ ನೋಡಿ ನಾನೂ ಆ ಕಡೆ ನೋಡಿದ್ದೆ, ಅಷ್ಟೇ.

ಆಮೇಲೆ ಶುರುವಾಯಿತು ನೋಡಿ ಮನೆಯಲ್ಲಿ ಪರೀಕ್ಷೆ. ನಡುಮನೆಯಲ್ಲಿ ಒಬ್ಬರನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಯಾವುದಾದರೂ ಮೂಲೆಯಲ್ಲಿ ನಿಂತು ಚಮಚದಿಂದ ಲೋಟ ಬಡಿಯುವುದು. ಕೂತವರು ಕೈ ತೋರಿಸಬೇಕು. ಪಕ್ಕದ ಮನೆಯವರು, ಶಾಲೆಯ ಹುಡುಗರು, ಸಿಕ್ಕಿದವರೆಲ್ಲ ಕೂತರು. ಅತ್ತೆಯಂತೂ ಒಂದೂ ತಪ್ಪದೆ ತೋರಿಸಿ, "ನನ್ನ ಕಿವಿ ಚೆನ್ನಾಗೇ ಇದೆ. ಈ ಮನೇಲಿ ಕೇಳಿಸಿಕೊಳ್ಳದೆ ಇರೋರು ಬೇರೆಯವರಿದಾರೆ" ಎಂದು ನನ್ನ ಕಡೆ ನೋಡಿದರು. ನನ್ನ ಸರದಿ ಬಂದಾಗಲೆಲ್ಲ ನನಗೆ ಹಾಲು ಉಕ್ಕುತ್ತಿತ್ತು, ಅನ್ನ ಸೀಯುತ್ತಿತ್ತು, ಹಿತ್ತಿಲಿಗೆ ಹಸು ನುಗ್ಗುತ್ತಿತ್ತು. ಒಂದು ಸಲ ಹಿಡಿದು ಕೂರಿಸಿಯೇಬಿಟ್ಟರು. ನಾನು ತಲೆ ತಿರುಗಿಸಿ ತಿರುಗಿಸಿ ಸದ್ದು ದಪ್ಪವಾದ ಕಡೆ ಕೈ ತೋರಿಸಿದೆ. "ತಲೆ ಅಲ್ಲಾಡಿಸಬಾರದು ಕಣೇ!" ಎಂದು ಗದರಿದರು. ಅಲ್ಲಾಡಿಸದೆ ಕೂತಾಗ ಎಲ್ಲ ಸದ್ದೂ ಬಲಗಡೆಯಿಂದಲೇ ಬಂತು. "ಗಮನ ಕೊಡಲ್ಲ ನೀನು" ಎಂದು ಅವರೇ ಬೇಸತ್ತು ಬಿಟ್ಟರು. ಬದುಕಿಕೊಂಡೆ.

ಅವರು ಕಂಡುಕೊಂಡದ್ದು ಇಷ್ಟು: ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಆಮೇಲೆ. ಆ ಕೂದಲೆಳೆಯಷ್ಟು ಅಂತರವನ್ನೇ ಹಿಡಿದು ಬುದ್ಧಿ ದಿಕ್ಕು ಹೇಳುತ್ತದೆ. ಹಾಗಾದರೆ ಕಿವಿಗಳನ್ನು ಇನ್ನೂ ದೂರ ದೂರ ಇಟ್ಟರೆ? ಹಿಂದಿನ ಮಹಾಯುದ್ಧದಲ್ಲಿ ಹೀಗೇ ದೊಡ್ಡ ದೊಡ್ಡ ಕಹಳೆ ಕಿವಿಗೆ ಹಚ್ಚಿಕೊಂಡು ಶತ್ರುಗಳ ಪ್ಲೇನು ಹುಡುಕುತ್ತಿದ್ದರಂತೆ. ಓಡಿದರು ಬಾಷಾ ಸಾಬರ ಅಂಗಡಿಗೆ.

ಬಾಷಾ ಸಾಬರು ಪೇಟೆಬೀದಿಯಲ್ಲಿ ಸೈಕಲ್ಲು, ಹೊಲಿಗೆ ಮಿಷನ್ನು, ಗ್ರಾಮಫೋನು ರಿಪೇರಿ ಮಾಡುವವರು. ಮೇಷ್ಟ್ರಿಗೂ ಅವರಿಗೂ ಗಳಸ್ಯಕಂಠಸ್ಯ. ಇಬ್ಬರೂ ಸೇರಿ ಒಂದು ಉದ್ದನೆಯ ಹಲಗೆಯ ಎರಡು ತುದಿಗೆ ಎರಡು ಗ್ರಾಮಫೋನಿನ ಕಹಳೆ ಬಿಗಿದರು. ಕಹಳೆಯ ಬುಡದಿಂದ ಕಿವಿಗೆ ರಬ್ಬರು ನಳಿಗೆ. ಹಲಗೆ ತಿರುಗಲೆಂದು ಹಳೇ ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ಅದನ್ನು ಕೂರಿಸಿದರು. ಸದ್ದು ಎರಡೂ ಕಿವಿಗೆ ಒಟ್ಟಿಗೇ ಬಂದು ತಲೆಯ ನಟ್ಟನಡುವೆ ನಿಂತಿತೆಂದರೆ ಹಲಗೆ ನೇರವಾಗಿ ಅದರ ಕಡೆ ಮುಖ ಮಾಡಿದೆ ಎಂದು ಅರ್ಥ. ಮೂರನೆಯದೊಂದು ಕಹಳೆ ಬಾಯಿ ಸೊಟ್ಟಗಾಗಿದೆ ಎಂದು ನಳಿಗೆಯ ಸಮೇತ ಹಿತ್ತಿಲ ಮೂಲೆಗೆ ಬಿತ್ತು.

"ನಡುವೆ ಕೇಳಿಸ್ತಾ?" ಎಂದು ನನ್ನ ಕಿವಿಗೂ ಹಚ್ಚಿ ಕೇಳುತ್ತಿದ್ದರು. "ಹ್ಞೂಂ, ನಟ್ಟನಡುವೆ" ಎನ್ನುತ್ತಿದ್ದೆ. ತಲೆಯ ನಡುವೆ ಸದ್ದು ನಿಲ್ಲುವುದು ಎಂದರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಅವರ ಹುಚ್ಚು ನನಗೂ ಅಂಟಿತು. ಮಧ್ಯಾಹ್ನ ಅತ್ತೆ ಮಲಗಿ, ಅವರು ಶಾಲೆಗೆ ಹೋದ ಮೇಲೆ ನಾನು ಆ ಸೊಟ್ಟ ಕಹಳೆಯನ್ನು ಎತ್ತಿಕೊಂಡು ಹಿತ್ತಿಲ ಗೋಡೆಯ ಹತ್ತಿರ ಕೂರುತ್ತಿದ್ದೆ. ಗೋಡೆಯಾಚೆ ಗಾಡಿದಾರಿ. ನಳಿಗೆಯನ್ನು ಬಲಗಿವಿಗೆ ಸಿಕ್ಕಿಸಿಕೊಂಡು ಕಹಳೆಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದರೆ, ಎತ್ತಿನ ಗಂಟೆ ಸಣ್ಣಗಾಗುತ್ತಾ ಹೋಗಿ ಒಂದು ಕಡೆ ಥಟ್ಟನೆ ಕಳೆದುಹೋಗುತ್ತಿತ್ತು. ಅಲ್ಲಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ. ಎಡಕ್ಕೆ ತಿರುಗಿಸಿ, ಕಳೆದುಹೋದ ಕಡೆ ಇನ್ನೊಂದು ಗೆರೆ. ಎರಡು ಗೆರೆಗಳ ನಡುವೆ ಗಾಡಿ ಇರಲೇಬೇಕು. ಎದ್ದು ಗೋಡೆಯ ಮೇಲಿಂದ ಇಣುಕಿದೆ. ಇತ್ತು! ಗಾಡಿ ಮುಂದೆ ಹೋದ ಹಾಗೆ ನನ್ನ ಗೆರೆಗಳೂ ಗೋಡೆಯ ಮೇಲೆ ಮುಂದೆ ಮುಂದೆ ಹೋದವು. ಹುಟ್ಟಿದ ಮೇಲೆ ಮೊದಲ ಸಲ, ಯಾರ ಮುಖವನ್ನೂ ನೋಡದೆ, ಒಂದು ಸದ್ದು ಎಲ್ಲಿದೆಯೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕಣ್ಣಲ್ಲಿ ನೀರು ಬಂತು. ಅಲ್ಲಿಂದಾಚೆಗೆ ಗಾಡಿ, ಕುದುರೆ, ಹೂವು ಮಾರುವವಳ ಕೂಗು, ಒಂದನ್ನೂ ಬಿಡಲಿಲ್ಲ. ಗೋಡೆಯ ತುಂಬ ಇದ್ದಿಲು ಗೆರೆ ನೋಡಿ ಅತ್ತೆ ಬೀದಿಯ ಮಕ್ಕಳನ್ನು ಬೈದರು.

ಕಾರ್ತಿಕ ಬಂತು. ಬೆಳಗ್ಗೆ ಮಂಜು, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಕಾರ್ತಿಕ ಸೋಮವಾರಗಳಲ್ಲಿ ಅತ್ತೆಗೆ ಮೌನವ್ರತ. ಬೆಳಗಿನ ಸ್ನಾನದಿಂದ ಸಂಜೆ ದೀಪ ಹಚ್ಚುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಏನಾದರೂ ಬೇಕಾದರೆ ಪೂಜೆಯ ಕೈಗಂಟೆ ಅಲ್ಲಾಡಿಸಿ ಸನ್ನೆ ಮಾಡುತ್ತಿದ್ದರು. ನನಗಂತೂ ಸೋಮವಾರ ಎಂದರೆ ಹಬ್ಬ. ಸನ್ನೆಗೆ ಎಡಗಿವಿಯೂ ಬೇಡ, ಬಲಗಿವಿಯೂ ಬೇಡ.

ಅತ್ತೆಯ ತವರು ಹೊಳಲು. ಊರಾಚೆ ಹೊಲಗಳ ನಡುವಿನ ಪುಟ್ಟ ಈಶ್ವರನ ಗುಡಿಯಲ್ಲಿ ಅವರ ತಂದೆ ಪೂಜೆ ಮಾಡುತ್ತಿದ್ದವರು. ಆ ಕೈಗಂಟೆಯೂ ತಂದೆಯದೇ. ಕಡೆಯ ಸೋಮವಾರ ಅಲ್ಲಿಗೆ ಹೋಗಿ ಬಿಲ್ವ ಏರಿಸಿ ಬರಬೇಕೆಂದು ಗಾಡಿ ಕಟ್ಟಿಸಿದರು. ಶಾಲೆಗೂ ರಜೆ ಇತ್ತು. ಬಯಲಿನಲ್ಲಿ ಒಂದು ಸಲ ನೋಡೋಣವೆಂದು ಮೇಷ್ಟ್ರು ಹಲಗೆ, ಕಹಳೆ, ಬಾಷಾ ಸಾಬರು ಎಲ್ಲವನ್ನೂ ಗಾಡಿಗೆ ಹೇರಿದರು. ಯಾವುದಾದರೂ ಕೆಟ್ಟರೆ ಇರಲೆಂದು ಸಾಬರು ಸೊಟ್ಟ ಕಹಳೆಯನ್ನೂ ತಂದರು.

ಹೊಳಲಿನ ನಾಲೆಯ ಏರಿಯ ಮೇಲೆ ಇಳಿದಾಗ ಅತ್ತೆ ಒಂದು ಕ್ಷಣ ನಿಂತು ನೋಡಿದರು. ಅವರು ಹುಡುಗಿಯಾಗಿ ಓಡಾಡಿದ ಬಯಲು ಎಲ್ಲಿತ್ತು? ಏರಿ ಮೊಣಕೈಯ ಹಾಗೆ ಬಾಗಿತ್ತು. ಆ ಬಾಗಿನ ಒಳಗೆ ಆಳೆರಡಾಳೆತ್ತರದ ಕಬ್ಬು. ನಮಗೆ ದಿನಾ ಮೊಸರು ತರುತ್ತಿದ್ದ ನಿಂಗವ್ವ ಅಲ್ಲೇ ಹುಲ್ಲು ಕೊಯ್ಯುತ್ತಿದ್ದಳು. "ಏರಿ ಮ್ಯಾಲೇ ಓಗಿ ಅಮ್ಮಾರೆ, ಅಳೇ ದಾರಿ ಕಬ್ನಾಗೆ ಮುಚ್ಚೋಗದೆ" ಎಂದಳು. ಮಡಿಯಲ್ಲಿದ್ದ ಅತ್ತೆ, ಜೊತೆಗೆ ಯಾರೂ ಬೇಡವೆಂದು ಕೈಯಾಡಿಸಿ, ಬುಟ್ಟಿ, ಕೈಗಂಟೆ ಹಿಡಿದು ಹೊರಟರು. ಹೋಗುವಾಗ ಏರಿಯ ಮೇಲೆಯೇ ಹೋದರು. ಬರುವಾಗ ಅವರಿಗೆ ಏನು ತೋಚಿತೋ, ಹುಟ್ಟಿ ಬೆಳೆದ ನೆಲದಲ್ಲಿ ನನಗೆಂಥ ದಾರಿ ಎಂದುಕೊಂಡರೋ, ಹಳೆಯ ಕಾಲುದಾರಿಗೇ ಕಾಲಿಟ್ಟರು.

ಏರಿಯ ಮೇಲೆ ಹಲಗೆ ನೆಟ್ಟು ಗಾಡಿಗಳ ಸದ್ದು ಹಿಡಿಯುತ್ತಾ ನಮಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಿಸಿಲು ಓರೆಯಾಗುವ ಹೊತ್ತಿಗೆ ನಿಂಗವ್ವ ಎದ್ದು ನಿಂತು ಕಿವಿಗೊಟ್ಟಳು.

"ಮೇಷ್ಟ್ರೇ, ಗಂಟೆ ಸಬ್ದ ಕೇಳ್ತಾ ಅದೆ. ಕಬ್ನೊಳ್ಗೆ. ಅಮ್ಮಾರು ದಾರಿ ತಪ್ಪವ್ರೆ ಕಣಪ್ಪೋ!"

ಮೌನ ಮುರಿಯದೆ ಅತ್ತೆ ಕಬ್ಬಿನೊಳಗಿಂದ ಗಂಟೆ ಬಾರಿಸುತ್ತಿದ್ದರು.

ನಿಂಗವ್ವ ಕೂಗು ಹಾಕಿದ್ದೇ ತಡ, ಅಕ್ಕಪಕ್ಕದ ಗದ್ದೆಯವರೆಲ್ಲ ಓಡಿಬಂದರು. ಕಬ್ಬಿನ ಒಡೆಯ ಬೋರೇಗೌಡರೂ ಬಂದರು. ಒಬ್ಬರು ಈ ಕಡೆಯಿಂದ, ಒಬ್ಬರು ಆ ಕಡೆಯಿಂದ ನುಗ್ಗಿ, "ಇಂಗ್ ಬನ್ನಿ ಅಮ್ಮಾ", "ಅಂಗ್ ಓಗ್ಬೇಡಿ" ಎಂದು ಕೂಗಿದರು. ಸೋಗೆಯ ಸರಸರಕ್ಕೆ ಗಂಟೆ ಮುಳುಗಿಹೋಯಿತು. ನಡುನಡುವೆ ಕೇಳಿಸಿದಾಗ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ಅತ್ತೆಯಂತೂ ಒಂದೊಂದು ಕೂಗಿಗೂ ಒಂದೊಂದು ದಿಕ್ಕಿಗೆ ತಿರುಗುತ್ತಿದ್ದಿರಬೇಕು, ಗಂಟೆ ಒಂದು ಕಡೆ ನಿಲ್ಲಲೇ ಇಲ್ಲ.

"ನಡೂಮಧ್ಯೆ ಅಳೇ ಬಾವಿ ಅದೆ ಗೌಡ್ರೇ" ಎಂದು ನಿಂಗವ್ವ ತಲೆ ಚಚ್ಚಿಕೊಂಡಳು. "ಕಟ್ಟೆ ಇಲ್ಲ, ಏನಿಲ್ಲ. ಕಬ್ಬು ಅದ್ರ ಬಾಯ್ಗಂಟ ಬೆಳ್ದದೆ. ಕಾಲಿಟ್ರೆ ಮುಗೀತು."

ಮೇಷ್ಟ್ರ ಮುಖ ಬಿಳಿಚಿತು. ನಾನು ಅವರನ್ನು ಹಾಗೆ ಕಂಡದ್ದು ಅದೇ ಮೊದಲು. "ಎಲ್ಲರೂ ಆಚೆ ಬನ್ನಿ!" ಎಂದು ಕಿರುಚಿದರು. "ಯಾರೂ ಮಾತಾಡಬೇಡಿ, ಯಾರೂ ಅಲ್ಲಾಡಬೇಡಿ."

"ಉಡುಕೋದ್ ಬುಟ್ಟು ಸುಮ್ಕೆ ನಿಂತ್ಕಳಾದಾ?" ಎಂದು ಗೌಡರು ಗೊಣಗಿದರು. ಆದರೂ ಜನರನ್ನು ಹೊರಗೆ ಕರೆದರು. ಮೇಷ್ಟ್ರು, "ಅಮ್ಮಾ, ಇದ್ದಲ್ಲೇ ಕೂತಿರು" ಎಂದು ಗಂಟಲು ಹರಿಯುವಂತೆ ಕೂಗಿದರು. ಮಗನ ಮಾತು ಕೇಳಿ ಕೂರುವವರಾಗಿದ್ದರೆ ಅವರು ನಮ್ಮತ್ತೆಯೇ ಅಲ್ಲ. ಗಂಟೆ ಚಲಿಸುತ್ತಲೇ ಇತ್ತು.

ಅವರು ನಳಿಗೆ ಕಿವಿಗೆ ಹಚ್ಚಿ ಹಲಗೆ ತಿರುಗಿಸಿದರು. ನಿಲ್ಲಿಸಿದರು. "ಇದೇ ಗೆರೆ. ಈ ಗೆರೆಯ ಮೇಲೇ ಇದಾಳೆ. ಆದರೆ ಹತ್ತಿರವೋ ದೂರವೋ ಹೇಗೆ ಹೇಳೋದು?" ಕೇಳುವಾಗಲೇ ಅವರಿಗೆ ಉತ್ತರ ಗೊತ್ತಿತ್ತು. ಏರಿಯ ಬಾಗಿನ ಆಚೆ ತುದಿಯಿಂದ ಇನ್ನೊಂದು ಗೆರೆ ಎಳೆದರೆ, ಎರಡೂ ಸೇರುವ ಕಡೆ ಅಮ್ಮ. ಹಲಗೆಯನ್ನು ಅಲ್ಲಿಗೆ ಹೊತ್ತೊಯ್ದರೆ ಅಷ್ಟರಲ್ಲಿ ಅವಳು ಮುಂದೆ ಹೋಗಿರುತ್ತಾಳೆ. ಎರಡು ಕಡೆಯೂ ಒಟ್ಟಿಗೇ ಕೇಳಬೇಕು. ಇದ್ದದ್ದು ಒಂದು ಹಲಗೆ, ಮಿಕ್ಕದ್ದು ಒಂದು ಸೊಟ್ಟ ಕಹಳೆ.

ಬಾಷಾ ಸಾಬರು ಸೊಟ್ಟ ಕಹಳೆ ಹಚ್ಚಿಕೊಂಡು, ಇನ್ನೊಂದು ಕಿವಿಗೆ ಬೆರಳಿಟ್ಟು ಕೇಳಿದರು. "ಎಲ್ಲಾ ಕಡೇನೂ ಕೇಳ್ತದೆ ಮೇಷ್ಟ್ರೇ. ಯಾವ ಕಡೆ ಅಂತ ಹೇಳ್ಲಿ ನಾನು? ಯಾ ಅಲ್ಲಾ..."

ನಾನು ಸೆರಗು ಹೊದ್ದು ಹಿಂದೆ ನಿಂತಿದ್ದೆ. ಮಾತಾಡಿದರೆ ಸಂಜೆಯೊಳಗೆ ಹೊಳಲಿಗೆಲ್ಲ ಗೊತ್ತು, ನಾಳೆ ಮೊಸರಿನ ಜೊತೆ ಮಂಡ್ಯಕ್ಕೆಲ್ಲ ಗೊತ್ತು. ಮಳವಳ್ಳಿಯ ಆ ಹುಡುಗಿಯ ಹಿಂದುಗಡೆ ಕೋಣೆ ಕಣ್ಣಿಗೆ ಕಟ್ಟಿತು. ಬಾಯಿ ಬಿಟ್ಟೆಯೋ, ಕೆಟ್ಟೆ. ಅಷ್ಟರಲ್ಲಿ ಗಂಟೆ ಮತ್ತೆ ಕೇಳಿಸಿತು. ಈ ಸಲ ದಣಿದಿತ್ತು. ಎರಡು ಸಲ ಬಾರಿಸಿ ನಿಂತಿತು.

"ಕೊಡಿ ಇಲ್ಲಿ, ನಾನು ಹೇಳ್ತೀನಿ" ಎಂದೆ.

ಮೇಷ್ಟ್ರು ತಿರುಗಿದರು. "ಒಂದೇ ಕಹಳೆಯಲ್ಲಿ ನಿನಗೆ ಹೇಗೆ ಗೊತ್ತಾಗುತ್ತೆ?"

"ನನಗಿರೋದೇ ಒಂದು ಕಿವಿ. ಎಡಗಿವಿ ಚಿಕ್ಕಂದಿನಿಂದ ಕೇಳಿಸಲ್ಲ. ಮಧ್ಯಾಹ್ನ ದಿನಾ ಇದರಲ್ಲೇ ಗಾಡಿ ಹುಡುಕ್ತೀನಿ. ಗೋಡೆ ಮೇಲಿನ ಗೆರೆ ನಂದೇ."

ಅವರು ಅಂಥ ಹೊತ್ತಿನಲ್ಲೂ, "ಪೂರ್ತಿ ಕೇಳಿಸಲ್ವಾ, ಸ್ವಲ್ಪವಾದರೂ ಕೇಳಿಸುತ್ತಾ?" ಎಂದರು.

"ಅದನ್ನ ಆಮೇಲೆ ಕೇಳಿ!" ಎಂದು ಕಹಳೆ ಕಿತ್ತುಕೊಂಡು ಏರಿಯ ಆಚೆ ತುದಿಗೆ ಓಡಿದೆ. ನಿಂಗವ್ವ ನನ್ನ ಹಿಂದೆಯೇ ಓಡಿಬಂದಳು.

ಉದ್ದನೆಯ ಬಿದಿರಿನ ಗಳ ಎರಡು ತಂದರು. ಒಂದರ ತುದಿಗೆ ಮೇಷ್ಟ್ರ ಬಿಳಿ ಅಂಗವಸ್ತ್ರ, ಇನ್ನೊಂದಕ್ಕೆ ಬಾಷಾ ಸಾಬರ ಹೆಗಲ ಮೇಲಿನ ಕೆಂಪು ಟವೆಲು ಕಟ್ಟಿದರು. ಗೌಡರು ಬಿಳಿ ಗಳ ಹಿಡಿದು ಮೇಷ್ಟ್ರ ಗೆರೆಯಲ್ಲಿ ಕಬ್ಬಿನೊಳಗೆ ಇಳಿದರು, ಸಾಬರು ಕೆಂಪು ಗಳ ಹಿಡಿದು ನನ್ನ ಗೆರೆಯಲ್ಲಿ. ಒಳಗೆ ಹೋದವರು ಕಾಣಿಸುತ್ತಿರಲಿಲ್ಲ, ಕಬ್ಬಿನ ಗರಿಗಳ ಮೇಲೆ ಬಟ್ಟೆ ಮಾತ್ರ ಕಾಣುತ್ತಿತ್ತು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು. ಎಲ್ಲ ಸುಮ್ಮನಾಗುವುದು. ಗಂಟೆ ಕೇಳಿದರೆ ಮತ್ತೆ ಗೆರೆ ನೋಡುವುದು.

ನಾನು ಕಹಳೆಯನ್ನು ತಿರುಗಿಸಿ, ಸದ್ದು ಕಳೆದುಹೋದ ಕಡೆ ಏರಿಯ ಮಣ್ಣಿನಲ್ಲಿ ಒಂದು ಕಡ್ಡಿ ಚುಚ್ಚಿದೆ, ಇನ್ನೊಂದು ಅಂಚಿಗೆ ಇನ್ನೊಂದು ಕಡ್ಡಿ. ಕೆಂಪು ಬಟ್ಟೆ ಎರಡರ ನಡುವಿನಿಂದ ಆಚೆ ಹೋಗಿತ್ತು. "ಬಲಕ್ಕೆ" ಎಂದು ಪಿಸುಗುಟ್ಟಿದೆ. ಹೊಸ ಸೊಸೆ ಅಷ್ಟು ಜನ ಗಂಡಸರ ಮುಂದೆ ಕೂಗುವುದುಂಟೇ? ಆ ಕೆಲಸ ನಿಂಗವ್ವ ವಹಿಸಿಕೊಂಡಳು. "ಬಲಕ್ಕೆ ಕಣ್ ಸಾಬಣ್ಣೋ! ಇನ್ನೂ ಬಲಕ್ಕೆ! ಸಾಕು ನಿಂತ್ಕೋ!" ಅವಳ ಗಂಟಲಿಗೆ ನಾಲೆಯ ಆಚೆ ದಡದ ಎಮ್ಮೆಗಳೂ ತಲೆ ಎತ್ತಿದವು.

ಗಂಟೆ ನಿಧಾನವಾಗಿ ಚಲಿಸುತ್ತಿತ್ತು. ನನ್ನ ಕಡ್ಡಿಗಳೂ ಅದರ ಹಿಂದೆ ಒಂದೊಂದು ಬೆರಳಗಲ ಜರುಗಿದವು. ಎರಡು ಬಟ್ಟೆಗಳು ಕಬ್ಬಿನ ಮೇಲೆ ಒಂದಕ್ಕೊಂದು ಹತ್ತಿರ ಹತ್ತಿರ ಬಂದವು. ಹೆದರಿಕೆಯಲ್ಲೂ ನನಗೆ ಅದೊಂದು ವಿಚಿತ್ರ ಸಂತೋಷ: ಆ ತುದಿಯಲ್ಲಿ ಅವರು ಎರಡು ಕಿವಿಯಲ್ಲಿ ಕೇಳಿದ್ದನ್ನೇ ಈ ತುದಿಯಲ್ಲಿ ನಾನು ಒಂದು ಕಿವಿಯಲ್ಲಿ ಕೇಳುತ್ತಿದ್ದೆ, ಎರಡೂ ಕೂಡುತ್ತಿದ್ದವು.

ನಿಂಗವ್ವ ನನ್ನ ತೋಳು ಹಿಡಿದಳು. "ಅವ್ವಾ, ನಿನ್ ಗೆರೆ ಬಾವಿ ಕಡೀಕೇ ಓಯ್ತಾ ಅದೆ ಕಣವ್ವ."

ಆಮೇಲೆ ಗಂಟೆ ನಿಂತಿತು. ಕಹಳೆಯನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಗಾಳಿ, ಸೋಗೆ, ನನ್ನದೇ ಉಸಿರು. ಬೇರೆ ಏನೂ ಇಲ್ಲ. ಅತ್ತೆ ಬೈದದ್ದೆಲ್ಲ ನೆನಪಾಗಿ, ಈಗ ಒಂದು ಸಲ ಬೈಯಲಿ ದೇವರೇ, ಎಷ್ಟು ಬೇಕಾದರೂ ಬೈಯಲಿ ಎಂದುಕೊಂಡೆ. "ನೇರವಾಗಿ ಹೋಗೋಕೆ ಹೇಳು. ಕಡ್ಡಿ ಅಲ್ಲಾಡಿಸಿಲ್ಲ, ಅಲ್ಲೇ ಇದಾರೆ. ಬಾವಿ ಇದೆ, ಕಾಲು ನೋಡಿಕೊಂಡು ಇಡಬೇಕು ಅಂತ ಹೇಳು" ಎಂದೆ. ಅವಳು ಕೂಗಿದಳು. ಕೆಂಪು ಬಟ್ಟೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಬಿಳಿ ಬಟ್ಟೆ ಅದರ ಪಕ್ಕಕ್ಕೆ ಬಂತು. ಎರಡೂ ಸ್ವಲ್ಪ ಹೊತ್ತು ಅಲ್ಲೇ ನಿಂತವು.

"ಸಿಕ್ಕುದ್ರು!" ಎಂದು ಗೌಡರ ದನಿ ಬಂತು. "ಕುಂತವ್ರೆ! ಬಾವಿ ಇತ್ತಗೇ ಕುಂತವ್ರೆ ಕಣ್ರಲಾ!"

ಕಾಲು ಸೋತು ಕೂತುಬಿಟ್ಟಿದ್ದರು. ಒಂದೇ ಒಂದು ಕಬ್ಬಿನ ಬುಡದ ಆಚೆಗೆ ಬಾವಿಯ ಬಾಯಿ ಇತ್ತಂತೆ. ಏರಿಗೆ ಕರೆತಂದಾಗ ಮುಖ, ಕೈ ತುಂಬ ಕಬ್ಬಿನ ಗರಿ ಗೀರಿದ ಗಾಯ. ಸೀರೆ ಹರಿದಿತ್ತು. ಗಂಟೆ ಮಾತ್ರ ಕೈಯಲ್ಲಿ ಭದ್ರ, ತುಟಿಯೂ ಭದ್ರ. ಮೇಷ್ಟ್ರು ಕಾಲು ಹಿಡಿದು ಅತ್ತುಬಿಟ್ಟರು. ಅತ್ತೆ ಮಗನ ತಲೆ ಸವರಿ, ಗೌಡರಿಗೂ ಸಾಬರಿಗೂ ಕೈ ಮುಗಿದರು.

ನಿಂಗವ್ವನ ಬಾಯಿ ಕಟ್ಟುವವರು ಯಾರು? "ನಿಮ್ ಸೊಸೆಗೆ ಎಡಗಿವಿ ಕೇಳಕಿಲ್ವಂತೆ ಕಣಮ್ಮ! ಆ ಒಂದೇ ಕಿವೀಲಿ ನಿಮ್ಮುನ್ನ ಇಡುದ್ಲು. ನಾವು ಎಲ್ಡೆಲ್ಡ್ ಕಿವಿ ಮಡೀಕಂಡು ಬಾಯ್ ಬಡ್ಕಂಡಿದ್ದೇ ಆಯ್ತು" ಎಂದು ಎಲ್ಲರೆದುರಿಗೆ ಹೇಳಿದಳು.

ಅತ್ತೆ ತಿರುಗಿ ನನ್ನನ್ನು ನೋಡಿದರು. ಆ ನೋಟದಲ್ಲಿ ಏನಿತ್ತೆಂದು ನನಗೆ ಗೊತ್ತಾಗಲಿಲ್ಲ. ಮೌನವ್ರತದವರ ಮುಖ ಓದುವುದು ಕಷ್ಟ.

ಗಾಡಿಯಲ್ಲಿ ಮನೆಗೆ ಬರುವ ದಾರಿ ಮುಗಿಯಲೇ ಇಲ್ಲ. ಅತ್ತೆ ಮುಂದೆ ಬೆನ್ನು ಮಾಡಿ ಕೂತಿದ್ದರು. ಮೇಷ್ಟ್ರು ನನ್ನ ಪಕ್ಕ ಕೂತು, ತಡೆಯಲಾರದೆ, "ಅಲ್ಲ, ನಟ್ಟನಡುವೆ ಕೇಳಿಸುತ್ತೆ ಅಂತಿದ್ದೆಯಲ್ಲ?" ಎಂದರು. "ಸುಳ್ಳು" ಎಂದೆ. ಅವರು "ಸದ್ದು ಕಳೆದುಹೋಗೋ ಅಂಚು ಹಿಡಿಯೋದು ನನಗೆ ಹೊಳೆದೇ ಇರಲಿಲ್ಲ ಕಣೇ" ಎಂದರು. ಅವರ ಮಾತಿನಲ್ಲಿ ಕೋಪ ಇರಲಿಲ್ಲ. ಆದರೆ ಮನೆಯಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಎಂದು ಹೇಳುವವರು ಅವರಾಗಿರಲಿಲ್ಲ. ಅದನ್ನು ಹೇಳುವವರು ದೀಪ ಹಚ್ಚುವವರೆಗೆ ಮಾತಾಡುವಂತಿರಲಿಲ್ಲ.

ಮನೆಗೆ ಬಂದು ಅತ್ತೆ ಸ್ನಾನ ಮಾಡಿ ದೇವರ ಮುಂದೆ ಕೂತರು. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ಬೇಳೆ ಚೆಲ್ಲಿತು. ನನ್ನ ಟ್ರಂಕಿನಲ್ಲಿ ಏನೇನಿದೆ, ಮೈಸೂರಿಗೆ ಬೆಳಗಿನ ರೈಲು ಎಷ್ಟು ಹೊತ್ತಿಗೆ ಎಂದೆಲ್ಲ ಯೋಚನೆ ಬಂತು. ಅಮ್ಮನಿಗೆ ಏನು ಹೇಳುವುದು? ದೇವರಮನೆಯಲ್ಲಿ ಅದೇ ಗಂಟೆ ಬಾರಿಸಿತು, ಮಂಗಳಾರತಿಯಾಯಿತು. ದೀಪ ಹಚ್ಚಿದರು. ವ್ರತ ಮುಗಿಯಿತು.

ಹೆಜ್ಜೆ ಅಡುಗೆಮನೆಗೆ ಬಂತು. ನಾನು ತಲೆ ಎತ್ತಲಿಲ್ಲ. ಎಡಗಡೆ ಗೋಡೆಯ ಹತ್ತಿರ ಬಗ್ಗಿದ ಅವರ ನೆರಳು ಕಂಡಿತು. ಮಣೆ ಎತ್ತಿಕೊಂಡರು. ಒಲೆಯನ್ನು ಸುತ್ತಿ ಬಂದು ಅದನ್ನು ನನ್ನ ಬಲಗಡೆ ಹಾಕಿ, ಉಸ್ಸೆಂದು ಕೂತರು. ಅಲ್ಲಿಂದ ನಡುಮನೆಯೂ ಕಾಣುತ್ತಿರಲಿಲ್ಲ, ಹಿತ್ತಿಲ ಬಾಗಿಲೂ ಕಾಣುತ್ತಿರಲಿಲ್ಲ. ಬದುಕಿದ್ದಷ್ಟು ಕಾಲ ಆಮೇಲೆ ಅವರು ಕೂತದ್ದು ಅಲ್ಲೇ.

"ಹುಳಿಗೆ ಉಪ್ಪು ಹಾಕಿದೀಯಾ?" ಎಂದರು. ಯಾವಾಗಿನ ಹಾಗೆ ಅದೇ ಸಣ್ಣ ದನಿ.

"ಹಾಕಿದೀನಿ ಅತ್ತೆ" ಎಂದೆ. ಮೊದಲನೇ ಸಲಕ್ಕೇ ಕೇಳಿಸಿತ್ತು.